ದುಡಿಯುವವರ ಆರೋಗ್ಯಕ್ಕೊಂದು ಸ್ಟೂಲು

ವಸಂತಪುರದ ಬಟ್ಟೆ ಅಂಗಡಿಗೆ ಹೋದಾಗ ಗಮನಿಸಿ: ಬಟ್ಟೆ ತೋರಿಸುವವರಿಗೆ ಕೂರಲು ಜಾಗವಿದೆಯೇ?

ನಡೆಯುವಾಗ ಮೀನಖಂಡದ ಸ್ನಾಯುಗಳು ಕಾಲಿನ ರಕ್ತವನ್ನು ಹೃದಯದತ್ತ ತಳ್ಳುತ್ತವೆ. ಗಂಟೆಗಟ್ಟಲೆ ಒಂದೇ ಕಡೆ ನಿಂತರೆ ಈ ಕ್ರಿಯೆ ಕುಂದುತ್ತದೆ. ಪಾದ ಊದಿಕೊಳ್ಳುತ್ತದೆ, ಕ್ರಮೇಣ ರಕ್ತನಾಳಗಳೂ ಉಬ್ಬಬಹುದು.

ನಿಂತು ದುಡಿಯುವವರಿಗೆ ಆಸನ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅಂಗಡಿಗಳ ಮಾತು ಬೇರೆಯಾಗಿತ್ತು. ಕೇರಳದಲ್ಲಿ ಜವಳಿ ಅಂಗಡಿಯ ಮಹಿಳೆಯರು ಹೋರಾಡಿದರು. 2018ರಲ್ಲಿ ಕಾನೂನು ತಿದ್ದುಪಡಿಯಾಗಿ ಕೂರುವುದು ಹಕ್ಕಾಯಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು.

ಯೋಗ ಶಿಬಿರ, ಆರೋಗ್ಯ ತಪಾಸಣೆ ಒಳ್ಳೆಯವೇ. ಆದರೆ ಕೆಲಸದಿಂದಲೇ ನೋವು ಬಾರದಂತೆ ಮಾಡುವುದು ಮೊದಲು. ಗಿರಾಕಿ ಇಲ್ಲದಾಗ ಕೂರಲು ಸ್ಟೂಲು, ನಡುನಡುವೆ ಓಡಾಡುವ ಕೆಲಸ, ಇವಕ್ಕೆ ಹೆಚ್ಚು ಖರ್ಚಿಲ್ಲ. ನಾಳೆ ನೀವು ಮಾಲೀಕರಾದರೆ ಮೊದಲು ನೌಕರರನ್ನೇ ಕೇಳಿ: ನೋವು ಎಲ್ಲಿ?