ಬೇಲಿಯಿಲ್ಲದ ಬೇಸಾಯ

ಎಲೆಯಡಕೆಗೆ ಬೇಕಾದ ಸುಣ್ಣವನ್ನು ನಮ್ಮ ಹಿರಿಯರು ಎರಡು ಮೂಲಗಳಿಂದ ಪಡೆಯುತ್ತಿದ್ದರು: ಒಂದು ಸುಣ್ಣಕಲ್ಲು, ಮತ್ತೊಂದು ಚಿಪ್ಪು. ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟೇ. ಭಟ್ಟಿಯಲ್ಲಿ ಸುಟ್ಟರೆ ಎರಡರಿಂದಲೂ ಇಂಗಾಲದ ಡೈಆಕ್ಸೈಡು ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ಜಯನಗರ, ಬನಶಂಕರಿಗಳಲ್ಲಿ ಬೆಳೆಯುವ ವಿದ್ಯಾರ್ಥಿಗೆ ಕಡಲ ಚಿಪ್ಪುಜೀವಿಗಳ ಪರಿಚಯ ಬಹುಮಟ್ಟಿಗೆ ಇಲ್ಲಿಗೇ ಮುಗಿಯುತ್ತದೆ. ಆದರೆ ಆ ಜೀವಿಗಳನ್ನು ಬೆಳೆಸಿ ಜೀವನ ಸಾಗಿಸುವ ಕುಟುಂಬಗಳು ನಮ್ಮ ಪಶ್ಚಿಮ ಕರಾವಳಿಯಲ್ಲಿ ಉಂಟು. ಅವರ ಬೇಸಾಯ ವಿಚಿತ್ರವಾದುದು. ಅಲ್ಲಿ ಉಳುಮೆಯಿಲ್ಲ, ನೀರೆರೆಯುವುದಿಲ್ಲ, ಗೊಬ್ಬರವಿಲ್ಲ. ಪ್ರಾಣಿಗಳನ್ನು ಸಾಕಿದರೂ ಅವಕ್ಕೆ ಮೇವು ಹಾಕುವುದಿಲ್ಲ. ಹಾಗಾದರೆ ಈ ರೈತನು ಮಾಡುವುದಾದರೂ ಏನು? ಅದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ಹೆಸರುಗಳು. ಮರಳಿನಲ್ಲಿ ಹೂತುಕೊಂಡಿರುವ ಚಿಪ್ಪುಜೀವಿ ತುಳುನಾಡಿನಲ್ಲಿ ಮರುವಾಯಿ, ಉತ್ತರ ಕನ್ನಡದಲ್ಲಿ ಬಳಚು. ಬಂಡೆಗೆ ನಾರಿನಂಥ ಎಳೆಗಳಿಂದ ಕಚ್ಚಿಕೊಂಡಿರುವ ಹಸಿರು ಮಿಶ್ರಿತ ಚಿಪ್ಪಿನದು ಪಚ್ಚಿಲೆ. ಇದಕ್ಕೆ ನೀಲಿಕಲ್ಲು ಎಂದೂ ಹೇಳುವುದುಂಟು. ಒರಟಾದ ಒಂದು ಚಿಪ್ಪನ್ನೇ ಬಂಡೆಗೆ ಗಾರೆ ಹಾಕಿದಂತೆ ಅಂಟಿಸಿಕೊಂಡು ಜೀವಮಾನವೆಲ್ಲ ಅಲ್ಲಿಯೇ ಕಳೆಯುವುದು ಸಿಂಪಿ. ಬೇಸಾಯಕ್ಕೆ ಒಗ್ಗಿದವು ಮುಖ್ಯವಾಗಿ ಕೊನೆಯ ಎರಡು.

1947ರಲ್ಲಿ ಸ್ಥಾಪಿತವಾದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು 1970ರ ದಶಕದಲ್ಲಿ ತೂತ್ತುಕುಡಿಯಲ್ಲಿ ಸಿಂಪಿಯ ಬೇಸಾಯವನ್ನು ಕ್ರಮವಾಗಿ ಅಭ್ಯಾಸಮಾಡಿತು. ಮುಂದೆ ಕೇರಳದ ಅಷ್ಟಮುಡಿ ಮೊದಲಾದ ಹಿನ್ನೀರುಗಳಲ್ಲಿ ಅದು ಮನೆಮಂದಿಯ ಕಸುಬಾಯಿತು. 1956ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡು ಸೀಮೆಯ ಪಡನ್ನ, ಚೆರುವತ್ತೂರುಗಳಲ್ಲಿ 1990ರ ದಶಕದ ಉತ್ತರಾರ್ಧದಿಂದ ಪಚ್ಚಿಲೆಯ ಬೇಸಾಯ ಹಬ್ಬಿತು. ಅಲ್ಲಿ ಹೆಂಗಸರೇ ಗುಂಪು ಕಟ್ಟಿಕೊಂಡು ಅದನ್ನು ನಡೆಸಿದರೆಂಬುದು ಗಮನಾರ್ಹ. ನಮ್ಮ ಮುಲ್ಕಿಯ ಅಳಿವೆಯಲ್ಲಿಯೂ ಇಂಥ ಪ್ರಯೋಗಗಳು ನಡೆದಿವೆ.

ಬೀಜ ಬಂದು ಕೂರುವ ಬಗೆ

ತಾಯಿ ಸಿಂಪಿಯು ಒಂದು ಸಲಕ್ಕೆ ಲಕ್ಷಗಟ್ಟಲೆ ತತ್ತಿಗಳನ್ನು ನೀರಿಗೆ ಬಿಡುತ್ತದೆ. ಹುಟ್ಟಿದ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಎರಡು ಮೂರು ವಾರ ನೀರಿನಲ್ಲಿ ತೇಲಾಡುತ್ತವೆ. ಆಮೇಲೆ ಗಟ್ಟಿಯಾದ ನೆಲೆಯೊಂದನ್ನು ಹುಡುಕಿ ಅಂಟಿಕೊಳ್ಳಲೇಬೇಕು. ನೆಲೆ ಸಿಕ್ಕದಿದ್ದರೆ ಸಾವು. ರೈತನ ಮೊದಲನೆಯ ಕೆಲಸ ಈ ನೆಲೆಯನ್ನು ಒದಗಿಸುವುದು. ಫ್ರಾನ್ಸಿನವರು ಇದಕ್ಕೆ ಸುಣ್ಣ ಬಳಿದ ಹಂಚುಗಳನ್ನು ಬಳಸಿದರು. ಮರಿಗಳು ಸ್ವಲ್ಪ ಬೆಳೆದ ಮೇಲೆ ಸುಣ್ಣದ ಪದರದೊಡನೆ ಅವನ್ನು ಸುಲಭವಾಗಿ ಎಬ್ಬಿಸಬಹುದಲ್ಲವೆ? ನಮ್ಮವರ ಉಪಾಯ ಇನ್ನೂ ಸರಳ. ಹಳೆಯ ಸಿಂಪಿಯ ಖಾಲಿ ಚಿಪ್ಪುಗಳಿಗೆ ತೂತು ಕೊರೆದು, ನೈಲಾನು ಹಗ್ಗದಲ್ಲಿ ಗೇಣುದ್ದಕ್ಕೆ ಒಂದರಂತೆ ಐದಾರು ಚಿಪ್ಪುಗಳನ್ನು ಪೋಣಿಸುತ್ತಾರೆ. ಮರಿಗಳು ಕೂರುವ ಕಾಲ ನೋಡಿ ಈ ಸರಗಳನ್ನು ನೀರಿಗೆ ಇಳಿಬಿಡುತ್ತಾರೆ.

ಪಚ್ಚಿಲೆಯ ಕ್ರಮ ಬೇರೆ. ಕಡಲಬಂಡೆಗಳಿಂದ ಮರಿಗಳನ್ನು ತಂದು ಹಗ್ಗದ ಸುತ್ತ ಹರಡಿ, ತೆಳುವಾದ ಹತ್ತಿಯ ಬಲೆಬಟ್ಟೆ ಸುತ್ತಿ ಹೊಲಿಯುತ್ತಾರೆ. ಕೆಲವು ದಿನಗಳಲ್ಲಿ ಬಟ್ಟೆ ಕೊಳೆತು ಬಿದ್ದುಹೋಗುತ್ತದೆ. ಅಷ್ಟರಲ್ಲಿ ಮರಿಗಳು ತಮ್ಮ ಎಳೆಗಳನ್ನು ಬೀಸಿ ಹಗ್ಗವನ್ನು ಹಿಡಿದುಕೊಂಡಿರುತ್ತವೆ. ಇಲ್ಲಿ ಬಟ್ಟೆ ಬೇಗ ಕೊಳೆಯುವುದೇ ಗುಣ. ಕೊಳೆಯದ ಬಟ್ಟೆ ಸುತ್ತಿದರೆ ಬೆಳೆಯುವ ಪ್ರಾಣಿಗೆ ಅದೇ ಸೆರೆಮನೆಯಾದೀತು.

ಸರಗಳನ್ನು ತೂಗಹಾಕಲು ಒಂದೆರಡು ಮೀಟರು ಆಳದ ನೀರಿನಲ್ಲಿ ಬಿದಿರು ಅಥವಾ ಮರದ ಕಂಬಗಳನ್ನು ನೆಟ್ಟು ಚಪ್ಪರ ಕಟ್ಟುತ್ತಾರೆ. ಸರ ತಳವನ್ನು ಮುಟ್ಟಬಾರದು. ಮುಟ್ಟಿದರೆ ಕೆಸರು ಉಸಿರುಗಟ್ಟಿಸುತ್ತದೆ, ಏಡಿಗಳಿಗೆ ಏಣಿ ಇಟ್ಟಂತಾಗುತ್ತದೆ. ನೀರಿನಿಂದ ಬಹು ಹೊತ್ತು ಮೇಲಕ್ಕೂ ಬರಬಾರದು. ಬಂದರೆ ಊಟ ತಪ್ಪುತ್ತದೆ, ಚಪ್ಪರದ ಮೇಲಿನ ಭಾರವೂ ಹೆಚ್ಚುತ್ತದೆ. ಆರ್ಕಿಮಿಡೀಸನ ತತ್ತ್ವವನ್ನು ಇಲ್ಲಿ ನೆನೆಯಬಹುದು. ಚಿಪ್ಪಿನ ಪದಾರ್ಥದ ಸಾಂದ್ರತೆ ನೀರಿನ ಸುಮಾರು 2.7ರಷ್ಟು, ಸಮುದ್ರದ ನೀರಿನದು 1.025ರಷ್ಟು. ಆದುದರಿಂದ ಗಾಳಿಯಲ್ಲಿ 10 ಕಿಲೋಗ್ರಾಂ ತೂಗುವ ಚಿಪ್ಪು ಕಡಲನೀರಿನೊಳಗೆ ಸುಮಾರು 6.2 ಕಿಲೋಗ್ರಾಮಿನಂತೆ ವರ್ತಿಸುತ್ತದೆ. ಇಳಿತದ ವೇಳೆ ಸರಗಳು ಬಯಲಾದರೆ ಈ ರಿಯಾಯಿತಿ ಇಲ್ಲವಾಗುತ್ತದೆ.

ಕಾಸಿಲ್ಲದ ಪಂಪು

ಸಿಂಪಿಯ ಆಹಾರವು ನೀರಿನಲ್ಲಿ ತೇಲುವ ಸೂಕ್ಷ್ಮಸಸ್ಯಗಳು. ಪ್ರಾಣಿಯು ತಾನು ಕದಲದು. ಆಹಾರವೇ ಬಳಿಗೆ ಬರಬೇಕು. ಅದನ್ನು ತರುವುದು ಉಬ್ಬರ. ನಮ್ಮ ತೀರದಲ್ಲಿ ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಉಬ್ಬರ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಲೆಕ್ಕಕ್ಕಾಗಿ ಒಂದು ಹೆಕ್ಟೇರು ವಿಸ್ತಾರದ ಹಿನ್ನೀರು 1 ಮೀಟರು ಏರಿತೆನ್ನೋಣ. ಒಳಬಂದ ನೀರು 10,000 ಘನಮೀಟರು, ಅಂದರೆ 1 ಕೋಟಿ ಲೀಟರು. ಅದನ್ನು ಸರಾಸರಿ ಅರ್ಧ ಮೀಟರು ಎತ್ತಲು ಬೇಕಾದ ಶಕ್ತಿ ಸುಮಾರು 13.6 ಯೂನಿಟ್ಟು.

ಇದನ್ನು ನಮ್ಮ ನಲ್ಲಿಯ ನೀರಿನೊಡನೆ ಹೋಲಿಸಿ ನೋಡಿ. ಕಾವೇರಿಯ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪುಗಳನ್ನು ಹಾದು, ಸುಮಾರು 500 ಮೀಟರು ಮೇಲಕ್ಕೇರಿ ಬೆಂಗಳೂರನ್ನು ಸೇರುತ್ತದೆ. ಅಷ್ಟೇ 1 ಕೋಟಿ ಲೀಟರಿಗೆ, ಯಂತ್ರಗಳಲ್ಲಿ ಆಗುವ ನಷ್ಟವನ್ನು ಬಿಟ್ಟರೂ, 13,600 ಯೂನಿಟ್ಟು ವಿದ್ಯುತ್ತು ಬೇಕು. ಎಣಿಸಿದ ಹಿನ್ನೀರಿನಲ್ಲಿ ಚಂದ್ರಸೂರ್ಯರ ಆಕರ್ಷಣೆಯು ದಿನಕ್ಕೆ ಎರಡು ಬಾರಿ ಬಿಟ್ಟಿಯಾಗಿ ನೀರು ತುಂಬುತ್ತದೆ. ಬಡ ಕುಟುಂಬವೊಂದು ಹಗ್ಗ, ಬಿದಿರು, ದೋಣಿಗಳಷ್ಟರಿಂದಲೇ ಈ ಬೇಸಾಯಕ್ಕೆ ಇಳಿಯಲು ಸಾಧ್ಯವಾದುದು ಇದರಿಂದಲೇ.

ಉಪ್ಪಿನ ಪಂಚಾಂಗ

ಕಡಲನೀರಿನ ಒಂದು ಕಿಲೋಗ್ರಾಮಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಮಳೆಗಾಲದಲ್ಲಿ ಘಟ್ಟದ ನದಿಗಳು ತುಂಬಿ ಬಂದಾಗ ಅಳಿವೆಯ ನೀರು ಬಹುಮಟ್ಟಿಗೆ ಸಿಹಿಯಾಗಿಬಿಡುತ್ತದೆ. ಸಿಹಿನೀರು ಹಗುರ, ಅದು ಮೇಲೆ ಹರಡುತ್ತದೆ, ಉಪ್ಪುನೀರು ಅಡಿಯಲ್ಲಿ ನುಸುಳುತ್ತದೆ. ವಿದ್ಯಾರ್ಥಿಗಳು ಮನೆಯಲ್ಲಿಯೇ ಇದನ್ನು ಕಾಣಬಹುದು: ಗಾಜಿನ ಲೋಟದಲ್ಲಿ ಗಾಢವಾದ ಉಪ್ಪುನೀರನ್ನಿಟ್ಟು, ಅದರ ಮೇಲೆ ಬಣ್ಣದ ಸಿಹಿನೀರನ್ನು ಚಮಚದ ಬೆನ್ನಿನ ಮೇಲಿಂದ ಮೆಲ್ಲನೆ ಬಿಡಿ. ಎರಡು ಪದರಗಳು ಬಹಳ ಹೊತ್ತು ಬೇರೆಬೇರೆಯಾಗಿ ನಿಲ್ಲುವುವು. ಆದುದರಿಂದ ಮೊದಲ ಮಳೆಗೆ ಮೇಲಿನ ಪ್ರಾಣಿಗಳು ಸಂಕಟಪಡುವಾಗ ಕೆಳಗಿನವು ಕ್ಷೇಮವಾಗಿರಬಹುದು. ಹೊಳೆ ಪೂರ್ಣವಾಗಿ ಉಕ್ಕಿದ ಮೇಲೆ ಈ ಭೇದವೂ ಅಳಿಸಿಹೋಗುತ್ತದೆ.

ಸಿಂಪಿಯು ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡು ಕೆಲವು ದಿನ ತಡೆದೀತು. ಪಚ್ಚಿಲೆಗೆ ಅಷ್ಟು ತಾಳಿಕೆಯಿಲ್ಲ. ಕಾಸರಗೋಡಿನ ಬೇಸಾಯಗಾರರು ನವೆಂಬರ್ ಡಿಸೆಂಬರುಗಳಲ್ಲಿ ಮರಿ ಕಟ್ಟಿ, ಏಪ್ರಿಲ್ ಮೇ ತಿಂಗಳುಗಳಲ್ಲಿ ಬೆಳೆ ಎತ್ತುವುದು ಈ ಕಾರಣದಿಂದಲೇ. ಕಾಯಿ ಇನ್ನೂ ಸಣ್ಣದು, ಹದಿನೈದು ದಿನ ಬಿಟ್ಟರೆ ತುಂಬಿಕೊಂಡೀತು ಎಂದು ಕಾದವನನ್ನು ಮುಂಗಾರು ಕಾಯುವುದಿಲ್ಲ. ಬೇಗ ಎತ್ತಿದರೆ ತೂಕ ಕಡಿಮೆ. ತಡಮಾಡಿದರೆ ಇಡೀ ಬೆಳೆಯೇ ನಷ್ಟ. ಒಳನಾಡಿನ ರೈತನು ಮಳೆ ಬಾರದೆ ಕೆಟ್ಟರೆ, ಇವನು ಮಳೆ ಮುಂಚಿತವಾಗಿ ಬಂದು ಕೆಡುತ್ತಾನೆ.

ಜರಡಿಯ ಗುಣ, ಜರಡಿಯ ದೋಷ

ಸಿಂಪಿಯ ಕಿವಿರುಗಳ ಮೇಲೆ ಸೂಕ್ಷ್ಮವಾದ ರೋಮಗಳಿವೆ. ಅವು ಸದಾ ಆಡುತ್ತ ನೀರನ್ನು ಒಳಗೆಳೆದು ಸೋಸುತ್ತವೆ. ಬೆಳೆದ ಸಿಂಪಿಯು ಅನುಕೂಲ ಸ್ಥಿತಿಯಲ್ಲಿ ಗಂಟೆಗೆ ಕೆಲವು ಲೀಟರು ನೀರನ್ನು ಸೋಸಬಲ್ಲದು. ಹೀಗೆ ಸಿಂಪಿಯ ತೋಟವು ನೀರನ್ನು ತಿಳಿಗೊಳಿಸುತ್ತದೆ. ಆದರೆ ನೀರಿನಲ್ಲಿ ಚರಂಡಿಯ ರೋಗಾಣುಗಳಿದ್ದರೆ ಅವೂ ಅದರ ಒಡಲಲ್ಲಿ ಶೇಖರವಾಗುವುವು. ಅದಕ್ಕಾಗಿಯೇ ಎತ್ತಿದ ಸಿಂಪಿಗಳನ್ನು ಶುದ್ಧಮಾಡಿದ ಕಡಲನೀರಿನ ತೊಟ್ಟಿಯಲ್ಲಿ ಒಂದು ದಿನವಾದರೂ ಇಟ್ಟು, ಹೊಟ್ಟೆಯೊಳಗಿನ ಕಲ್ಮಷವನ್ನು ತಾವೇ ಹೊರಹಾಕುವಂತೆ ಮಾಡುವ ಪದ್ಧತಿಯಿದೆ.

ಕೆಲವು ಬಗೆಯ ಸೂಕ್ಷ್ಮಸಸ್ಯಗಳು ಹೆಚ್ಚಿದಾಗ ಒದಗುವ ಅಪಾಯ ಇದಕ್ಕಿಂತ ಘೋರವಾದುದು. ಅವುಗಳ ವಿಷವನ್ನು ಚಿಪ್ಪುಜೀವಿ ಸಂಗ್ರಹಿಸುತ್ತದೆ. ಬೇಯಿಸಿದರೂ ಅದು ನಾಶವಾಗುವುದಿಲ್ಲ. 1983ರಲ್ಲಿ ಕುಂಬಳೆಯ ಅಳಿವೆಯ ಮರುವಾಯಿ ತಿಂದು ಹಲವರು ಅಸ್ವಸ್ಥರಾದರು, ಬಾಲಕನೊಬ್ಬನು ತೀರಿಕೊಂಡನು. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ವಿಜ್ಞಾನಿಗಳು ಇದನ್ನು ಅಭ್ಯಾಸಮಾಡಿ ವರದಿಮಾಡಿದರು. ರುಚಿಯಿಂದಾಗಲಿ ಬಣ್ಣದಿಂದಾಗಲಿ ಈ ವಿಷವನ್ನು ಗುರುತಿಸಲಾಗದು. ನೀರನ್ನೂ ಮಾಂಸವನ್ನೂ ಪ್ರಯೋಗಶಾಲೆಯಲ್ಲಿ ಆಗಾಗ ಪರೀಕ್ಷಿಸುವುದೊಂದೇ ದಾರಿ. ಅದು ಒಂದು ಕುಟುಂಬದ ಕೈಲಾಗುವ ಕೆಲಸವಲ್ಲ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಸಿಂಪಿಯ ರೈತನು ಮಾಡುವುದು ಮೂರು ಕೆಲಸ: ಸ್ಥಳವನ್ನು ಆರಿಸುವುದು, ಆಳವನ್ನು ಗೊತ್ತುಮಾಡುವುದು, ಕಾಲವನ್ನು ಅರಿಯುವುದು. ಉಳಿದುದನ್ನು ನೀರು ಮಾಡುತ್ತದೆ. ಆದರೆ ಆ ನೀರು ಅವನದಲ್ಲ. ಗದ್ದೆಗೆ ಬೇಲಿ ಹಾಕಬಹುದು, ಅಳಿವೆಗೆ ಹಾಕಲಾಗದು. ಹೊಳೆಯ ಮೇಲ್ದಂಡೆಯ ಊರು ಏನನ್ನು ಹರಿಯಬಿಟ್ಟಿತೋ ಅದೇ ಇವನ ಬೆಳೆಯನ್ನು ಹೊಗುತ್ತದೆ.

ಮೇಲ್ದಂಡೆಯ ಊರುಗಳಲ್ಲಿ ನಮ್ಮದೂ ಒಂದು. ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿಯು ಅರ್ಕಾವತಿಯನ್ನು ಸೇರಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಯ ಕಡೆಗೆ ಸಾಗುತ್ತದೆ. ಬಿಟಿಎಂ ಬಡಾವಣೆಯ ಮಡಿವಾಳ ಕೆರೆಯಿಂದ ಹೊರಟ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ ಬೀಳುತ್ತದೆ. ಆ ನದಿ ಕಡಲೂರಿನ ಬಳಿ ಕಡಲನ್ನು ಮುಟ್ಟುತ್ತದೆ. ಈ ಹೊಳೆಗಳು ಮುಲ್ಕಿಗಾಗಲಿ ಪಡನ್ನಕ್ಕಾಗಲಿ ಹೋಗುವುದಿಲ್ಲ, ನಿಜ. ಆದರೆ ಪೂರ್ವ ತೀರದ ಅಳಿವೆಗಳಲ್ಲಿಯೂ ಸಿಂಪಿಗಳಿವೆ, ಅವನ್ನು ನೆಚ್ಚಿದ ಮನೆಗಳಿವೆ. ಕಲುಷಿತ ನೀರನ್ನು ಶುದ್ಧಿಮಾಡಿದ ಬಳಿಕವೇ ಹೊಳೆಗೆ ಬಿಡಬೇಕೆಂಬ ನಿಯಮವನ್ನು ನಗರದ ಅಂದಚೆಂದದ ಮಾತೆಂದು ಯಾರೂ ಎಣಿಸದಿರಲಿ. ಹೊಳೆಯ ಕೊನೆಯಲ್ಲಿ ಹಗ್ಗಕ್ಕೆ ಚಿಪ್ಪು ಪೋಣಿಸುತ್ತಿರುವ ಕುಟುಂಬಕ್ಕೆ ಇರುವ ಬೇಲಿ ಅದೊಂದೇ.