ಹೆಳವರ ಹೊತ್ತಿಗೆ

ಸುಗ್ಗಿ ಮುಗಿದು, ಮೆಕ್ಕೆಜೋಳದ ದಂಟು ಹೊಲದಲ್ಲಿಯೇ ಒಣಗಿ, ನ್ಯಾಮತಿಯ ಸುತ್ತಣ ಹಳ್ಳಿಗರಿಗೆ ಜಗುಲಿಯ ಮೇಲೆ ಕುಳಿತು ನಾಲ್ಕು ಮಾತನಾಡುವಷ್ಟು ಬಿಡುವು ದೊರೆಯುವ ಕಾಲಕ್ಕೆ ಸರಿಯಾಗಿ, ಕೊರಳ ಗಂಟೆಯ ಎತ್ತಿನೊಡನೆ, ಮನೆಮನೆಯ ವಂಶಾವಳಿ ಹೇಳುವ ಹೆಳವನು ಊರನ್ನು ಹೊಗುತ್ತಿದ್ದನು. ಈಚೆಗೆ ಎತ್ತಿನ ಬದಲು ಬೈಕಿನಲ್ಲಿ ಬರುವುದೂ ಉಂಟು. ಹೊತ್ತಿಗೆ ಮಾತ್ರ ಅದೇ.

ಬಾಲ್ಯದಲ್ಲಿ ಸೋದರಮಾವನ ಮನೆಯಲ್ಲಿ ನಾನು ಕಂಡ ಹೆಳವಜ್ಜನು ಕೆಂಪು ಅರಿವೆಯ ಗಂಟು ಬಿಚ್ಚಿ, ಅಂಚು ಸವೆದ ಉದ್ದನೆಯ ಪುಸ್ತಕವನ್ನು ತೊಡೆಯ ಮೇಲಿರಿಸಿ, ಮನೆದೇವರನ್ನೂ ಕುಲದ ಬೆಡಗನ್ನೂ ಮೊದಲು ಹೆಸರಿಸಿ, ಮೂಲಪುರುಷನು ಯಾವ ಊರು ಬಿಟ್ಟು ಎಲ್ಲೆಲ್ಲಿ ತಂಗಿ ಇಲ್ಲಿಗೆ ಬಂದನೆಂಬುದನ್ನು ರಾಗವಾಗಿ ಹೇಳತೊಡಗಿದೊಡನೆ, ಅದುವರೆಗೆ ಎಲೆಯಡಿಕೆ ಜಗಿಯುತ್ತಿದ್ದ ಮಾವನು ಎದ್ದುಹೋಗಿ ಬಾಯಿ ಮುಕ್ಕಳಿಸಿ ಬಂದು ಕುಳಿತನು. "ಯಜಮಾನ್ರೇ, ಹೋದ ಸಲ ಈ ಕೂಸು ಇರ್ಲಿಲ್ಲ, ಹೆಸ್ರು ಹೇಳ್ರಿ" ಎಂದು ಅಜ್ಜನು ಕೊನೆಯ ಸಾಲಿಗೆ ಇನ್ನೊಂದು ಹೆಸರನ್ನು ಸೇರಿಸಿದನು.

ಹೆಳವನೆಂದರೆ ಕುಂಟನು. ಕಾಲು ನೆಟ್ಟಗಿದ್ದವನೂ ಕಂಬಳಿಯಲ್ಲಿ ಅದನ್ನು ಮುಚ್ಚಿ ಎತ್ತಿನ ಮೇಲೆ ಕುಳಿತೇ ಬರುತ್ತಿದ್ದನೆಂದು ಹಿರಿಯರು ಹೇಳುವರು. ತೆಲುಗು ಸೀಮೆಯಲ್ಲಿ ಇದೇ ವೃತ್ತಿಯವರು ಪಿಚ್ಚಗುಂಟರು. ತಾಮ್ರಪಟ, ತಾಳೆಗರಿಗಳಿಂದ ಕಾಗದಕ್ಕಿಳಿದ ಈ ವಂಶಾವಳಿಯೇ ಹೆಳವನ ಆಸ್ತಿ. ಅಣ್ಣತಮ್ಮಂದಿರು ಪಾಲಾಗುವಾಗ ಹೊಲ ಹಂಚಿಕೊಳ್ಳುವಂತೆ ಒಕ್ಕಲು ಮನೆಗಳನ್ನು ಹಂಚಿಕೊಳ್ಳುವರು. ಪ್ರತಿಫಲವಾಗಿ ಜೋಳ, ಬಟ್ಟೆ, ಪಾತ್ರೆ, ಕೈದೊಡ್ಡ ಮನೆಯಾದರೆ ಒಂದು ಕರು.

ವಂಶಾವಳಿಯನ್ನು ಕೂಡಿಡುವ ಹಂಬಲ ನಮ್ಮ ಹೆಳವರಿಗೆ ಮಾತ್ರವಲ್ಲ. ತಮ್ಮ ಮುಖಂಡ ಬ್ರಿಗಮ್ ಯಂಗನ ಹಿಂದೆ 1847ರಲ್ಲಿ ಸಾಲ್ಟ್ ಲೇಕ್ ಕಣಿವೆಗೆ ಎತ್ತಿನ ಗಾಡಿಗಳಲ್ಲಿ ವಲಸೆ ಹೋದ ಅಮೆರಿಕದ ಮಾರ್ಮನ್ನರು, ತೀರಿಹೋದ ಪೂರ್ವಜರ ಪರವಾಗಿಯೂ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದೆಂದು ನಂಬುವುದರಿಂದ, 1894ರಲ್ಲಿಯೇ ವಂಶಾವಳಿಗೊಂದು ಸಂಘ ಕಟ್ಟಿ, ಮುಂದೆ ಕಗ್ಗಲ್ಲಿನ ಬೆಟ್ಟವನ್ನೇ ಕೊರೆದು ದಾಖಲೆಗಳನ್ನು ಕೂಡಿಟ್ಟರು. ನಮ್ಮ ಹರಿದ್ವಾರದ ಪಂಡರ ವಂಶಾವಳಿ ಪುಸ್ತಕಗಳಾದ ಬಹಿಗಳ ಚಿತ್ರಸುರುಳಿಗಳನ್ನೂ ಅವರು ತೆಗೆದುಕೊಂಡಿರುವರು. ಆ ಬೆಟ್ಟದ ಮುಂದೆ ಹೆಳವನ ಗಂಟು ಅಲ್ಪವೆನ್ನಿ. ಆದರೆ ಬೆಟ್ಟವು ಮನೆಬಾಗಿಲಿಗೆ ಬಂದು ಕೂಸಿನ ಹೆಸರು ಕೇಳದು.

ವಲಸೆಯ ಕಥೆಗೆ ನ್ಯಾಮತಿ ತಾಲ್ಲೂಕಿನಲ್ಲಿಯೂ ಬರವಿಲ್ಲ. 1739ರಲ್ಲಿ ಸಂತ ಸೇವಾಲಾಲರು ಜನಿಸಿದರೆಂದು ಬಂಜಾರರು ನಂಬುವ ಸೂರಗೊಂಡನಕೊಪ್ಪ ಇಲ್ಲಿಯದೇ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತಿದ ಆ ಜನರಲ್ಲಿ ಕುಲದ ಕಥೆ ಹಾಡುವವರಿಗೆ ಢಾಡಿಗಳೆಂದು ಹೆಸರು. ಈ ಸೀಮೆಯೇ 1997ರಲ್ಲಿ ಶಿವಮೊಗ್ಗ ಜಿಲ್ಲೆಯನ್ನು ಬಿಟ್ಟು ದಾವಣಗೆರೆಗೆ ಸೇರಿತು, ಕೂತಲ್ಲಿಯೇ ಆದ ವಲಸೆ!

ಹತ್ತೊಂಬತ್ತನೆಯ ಶತಮಾನದ ಮುತ್ತಜ್ಜನನ್ನು ಅರಸುವವನು ಹೆಳವನ ಮಾತನ್ನು ವೇದವಾಕ್ಯವೆಂದು ಭಾವಿಸಬೇಕಿಲ್ಲ. ಕೊಡುಗೈಯವನ ಅಜ್ಜನು ಕಥೆಯಲ್ಲಿ ಒಂದಿಷ್ಟು ಶೂರನಾಗುವುದು ಸಹಜವೇ. ಇಸವಿಯನ್ನಂತೂ ಅವನಲ್ಲಿ ನಿರೀಕ್ಷಿಸಲಾಗದು. ಆದರೆ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಊರು ಬಿಟ್ಟರೆಂದರೆ, ಅದು ಮೈಸೂರು ಸೀಮೆಯನ್ನು ಹಿಂಡಿದ 1876-78ರ ಮಹಾಕ್ಷಾಮವೆಂದು ಗೊತ್ತಾಗುವುದು. ಮೂಲದ ಊರು ತಿಳಿದಮೇಲೆ ಹಳೆಯ ಪಹಣಿಯನ್ನೂ, ಹೊನ್ನಾಳಿ ಚನ್ನಗಿರಿಗಳ ಶಾಸನಗಳನ್ನೊಳಗೊಂಡ, ಶಾಸನತಜ್ಞ ಬಿ. ಎಲ್. ರೈಸರ 'ಎಪಿಗ್ರಾಫಿಯ ಕರ್ನಾಟಿಕ'ದ 7ನೆಯ ಸಂಪುಟವನ್ನೂ ನೋಡಬಹುದು.

ವಂಶವು ಗಂಡುಮಕ್ಕಳ ಹಿಂದೆಯೇ ಸಾಗುವುದು. ಅಂದು ಒಳಗಿನಿಂದ ಅತ್ತೆ ಕೇಳಿದಳು: "ನನ್ನ ಹೆಸ್ರು ಎಲ್ಲೈತಪ್ಪಾ?" ಅಜ್ಜನು ಪುಟ ತಿರುವಿ, ಮತ್ತೆ ತಿರುವಿ, "ನಿಮ್ಮ ಮಕ್ಕಳ್ನೆಲ್ಲ ಬರ್ದೀನಲ್ಲವ್ವಾ" ಎಂದನು. ಅತ್ತೆ ಏನೂ ಅನ್ನದೆ ಮೊರದ ತುಂಬ ಜೋಳ ತಂದು ಅವನ ಚೀಲಕ್ಕೆ ಸುರಿದಳು.