ಮಂಜುನಾಡಿನ ದುಬಾರಿ ಬೆಳಕು

ಕೆನಡಾ ದೇಶದ ಪೂರ್ವದ ತುತ್ತತುದಿಯಲ್ಲಿ, ಅಟ್ಲಾಂಟಿಕ್ ಸಾಗರದ ಅಲೆಗಳಿಗೆ ಎದೆಯೊಡ್ಡಿ ನಿಂತಿರುವ ದ್ವೀಪ ನ್ಯೂಫೌಂಡ್‌ಲೆಂಡ್. ಅದರ ಉತ್ತರಕ್ಕೆ, ಕಿರಿದಾದೊಂದು ಜಲಸಂಧಿಯ ಆಚೆ, ಕಾಡು ಬಂಡೆ ಸರೋವರಗಳಿಂದ ತುಂಬಿದ ಲ್ಯಾಬ್ರಡಾರ್. ಇವೆರಡೂ ಕೂಡಿ ಒಂದು ಪ್ರಾಂತ. ವಿಸ್ತಾರದಲ್ಲಿ ಅದು ಕರ್ನಾಟಕದ ಎರಡು ಪಟ್ಟಿಗೂ ಮಿಗಿಲು. ಜನಸಂಖ್ಯೆಯಾದರೋ ಐದು ಲಕ್ಷ ಚಿಲ್ಲರೆ, ಮೈಸೂರು ನಗರವೊಂದರದಕ್ಕಿಂತಲೂ ಕಡಿಮೆ.

ಅಲ್ಲಿ ಚಳಿಗಾಲವೆಂದರೆ ವರ್ಷದ ಅರ್ಧ. ದ್ವೀಪದ ಬಹುಪಾಲು ಮನೆಗಳು ಬೆಚ್ಚಗಿರುವುದು ವಿದ್ಯುತ್ತಿನಿಂದಲೇ. ಆದುದರಿಂದ ಅಲ್ಲಿನ ಗೃಹಿಣಿಗೆ ವಿದ್ಯುತ್ ಬಿಲ್ಲು ಕೇವಲ ದೀಪದ ಲೆಕ್ಕವಲ್ಲ. ಮಕ್ಕಳು ಬೆಚ್ಚಗೆ ಮಲಗುವ ಕೋಣೆಯ ಲೆಕ್ಕ. ಅಂತಹ ನಾಡಿನಲ್ಲಿ 2017ರ ಸುಮಾರಿಗೆ ಒಂದು ಸುದ್ದಿ ಮನೆಮನೆಯನ್ನೂ ನಡುಗಿಸಿತು. ಯೂನಿಟ್ಟಿಗೆ ಸುಮಾರು 12 ಸೆಂಟು ಇದ್ದ ದರ ಕೆಲವೇ ವರ್ಷಗಳಲ್ಲಿ 23 ಸೆಂಟಿನ ಸಮೀಪಕ್ಕೆ ಏರಬಹುದೆಂಬುದೇ ಆ ಸುದ್ದಿ. ಚಳಿಗಾಲದ ಒಂದು ತಿಂಗಳಲ್ಲಿ 2,000 ಯೂನಿಟ್ಟು ಬಳಸುವ ಮನೆಯೊಂದಿದೆಯೆಂದು ಭಾವಿಸಿದರೆ, 240 ಡಾಲರಿನ ಬಿಲ್ಲು 460 ಡಾಲರಿಗೆ ಜಿಗಿಯಬೇಕು. ಅದಕ್ಕೆ ಕಾರಣ ಬರವಲ್ಲ, ಯುದ್ಧವಲ್ಲ. ಜನರ ಸರಕಾರವೇ ಜನರ ಒಳಿತಿಗಾಗಿ ಕಟ್ಟಿಸುತ್ತಿದ್ದ ಒಂದು ಅಣೆಕಟ್ಟು.

ಹಳೆಯ ಗಾಯ

ಈ ಕಥೆಯನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನ್ಯೂಫೌಂಡ್‌ಲೆಂಡ್ ಒಂದು ಕಾಲಕ್ಕೆ ಸ್ವಯಮಾಡಳಿತವುಳ್ಳ ನಾಡಾಗಿತ್ತು. ರೈಲುಮಾರ್ಗಕ್ಕೆಂದು ಮಾಡಿದ ಸಾಲ, ಮೊದಲನೆಯ ಮಹಾಯುದ್ಧದ ಸಾಲ, ಅದರ ಮೇಲೆ ಮೀನಿನ ಬೆಲೆಯ ಕುಸಿತ—ಇವೆಲ್ಲ ಸೇರಿ ಬಡ್ಡಿ ತೆರಲಾರದ ಸ್ಥಿತಿ ಒದಗಿತು. 1934ರಲ್ಲಿ ಆ ನಾಡು ತನ್ನ ಸ್ವಾಧೀನವನ್ನೇ ಬಿಟ್ಟುಕೊಟ್ಟು, ಬ್ರಿಟನ್ನು ನೇಮಿಸಿದ ಆಯೋಗದ ಆಳಿಕೆಗೆ ಒಳಪಟ್ಟಿತು. 1949ರಲ್ಲಿ ಕೆನಡಾವನ್ನು ಸೇರಿತು. ಸಾಲದಿಂದ ಸ್ವಾತಂತ್ರ್ಯವನ್ನು ಕಳೆದುಕೊಂಡ ನೆನಪು ಅಲ್ಲಿನ ಹಿರಿಯರ ಮಾತಿನಲ್ಲಿ ಬಹುಕಾಲ ಉಳಿಯಿತು.

ಎರಡನೆಯ ಗಾಯ ವಿದ್ಯುತ್ತಿನದೇ. ಲ್ಯಾಬ್ರಡಾರಿನ ಚರ್ಚಿಲ್ ನದಿಯ ಮೇಲ್ಭಾಗದಲ್ಲಿ 5,428 ಮೆಗಾವಾಟ್ ಸಾಮರ್ಥ್ಯದ ಭಾರಿ ವಿದ್ಯುದಾಗಾರ ಎದ್ದಿತು. ಅದರ ವಿದ್ಯುತ್ತಿನ ಬಹುಪಾಲನ್ನು ನೆರೆಯ ಕ್ವಿಬೆಕ್ ಪ್ರಾಂತದ ಸರಕಾರಿ ಸಂಸ್ಥೆಗೆ ಮಾರಲು 1969ರಲ್ಲಿ ಒಪ್ಪಂದವಾಯಿತು. ಅದರ ಅವಧಿ 2041ರವರೆಗೆ. ದರ ಕಾಲಕ್ರಮದಲ್ಲಿ ಏರುವುದಕ್ಕೆ ಬದಲಾಗಿ ಇಳಿಯುತ್ತ ಬಂದು, ಯೂನಿಟ್ಟಿಗೆ ಒಂದು ಸೆಂಟಿನ ಐದನೆಯ ಒಂದು ಪಾಲಿಗೆ ನಿಂತಿತು. ಕೊಂಡವರು ಶ್ರೀಮಂತರಾದರು, ನದಿಯ ಒಡೆಯರು ನೋಡುತ್ತ ಕುಳಿತರು. ನ್ಯಾಯಾಲಯಗಳ ಮೆಟ್ಟಿಲೇರಿದರೂ ಫಲ ದೊರೆಯಲಿಲ್ಲ. 2018ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವೂ ಒಪ್ಪಂದವನ್ನೇ ಎತ್ತಿಹಿಡಿಯಿತು.

ಎರಡನೆಯ ಅಣೆಕಟ್ಟು

ಅದೇ ನದಿಯ ಕೆಳಭಾಗದಲ್ಲಿ ಮಸ್ಕ್‌ರ್ಯಾಟ್ ಫಾಲ್ಸ್ ಎಂಬ ಜಲಪಾತವಿದೆ. ಈ ಸಲ ಕ್ವಿಬೆಕ್ಕಿನ ಹಂಗಿಲ್ಲದೆ ತಮ್ಮ ನೀರಿನಿಂದ ತಮ್ಮದೇ ಬೆಳಕನ್ನು ಪಡೆಯಬೇಕೆಂಬ ಛಲ ಪ್ರಾಂತದ ಜನರಲ್ಲಿ ಮೂಡಿದ್ದು ಸಹಜವೇ. 2010ರ ನವೆಂಬರಿನಲ್ಲಿ ಮುಖ್ಯಮಂತ್ರಿ ಡ್ಯಾನಿ ವಿಲಿಯಮ್ಸ್ ಯೋಜನೆಯನ್ನು ಸಾರಿದರು. 2012ರ ಡಿಸೆಂಬರಿನಲ್ಲಿ ಅವರ ಉತ್ತರಾಧಿಕಾರಿ ಕ್ಯಾತಿ ಡಂಡರ್‌ಡೇಲ್ ಅವರ ಸರಕಾರ ಮಂಜೂರಾತಿ ನೀಡಿತು. ಸಾಮರ್ಥ್ಯ 824 ಮೆಗಾವಾಟ್. ಅಲ್ಲಿಂದ ರಾಜಧಾನಿಯ ಸಮೀಪದವರೆಗೆ ಸುಮಾರು 1,100 ಕಿಲೋಮೀಟರ್ ತಂತಿಮಾರ್ಗ. ನಡುವೆ ಸಮುದ್ರದ ತಳದಲ್ಲಿ ಕೇಬಲ್ಲು. ಬಡ್ಡಿಯನ್ನು ಬಿಟ್ಟು 620 ಕೋಟಿ, ಬಡ್ಡಿಯೂ ಸೇರಿ 740 ಕೋಟಿ ಡಾಲರ್ ವೆಚ್ಚವೆಂದು ಅಂದಾಜು. ಸಾಲಕ್ಕೆ ಕೇಂದ್ರ ಸರಕಾರವೇ ಜಾಮೀನು ನಿಂತಿತು. ಉತ್ಪಾದನೆಯಲ್ಲಿ ಐದನೆಯ ಒಂದು ಪಾಲು 35 ವರ್ಷಗಳ ಕಾಲ ನೊವಾ ಸ್ಕೋಶಿಯಾ ಪ್ರಾಂತಕ್ಕೆ. ಅದಕ್ಕೆ ಪ್ರತಿಯಾಗಿ ಆ ಕಡೆಯವರು ತಮ್ಮ ಖರ್ಚಿನಲ್ಲಿ ಸಮುದ್ರದಡಿಯ ಇನ್ನೊಂದು ಕೇಬಲ್ಲನ್ನು ಹಾಕಬೇಕು.

ವಾದ ಸರಳವಾಗಿತ್ತು. ಹೋಲಿರೂಡ್ ಎಂಬಲ್ಲಿನ ಹಳೆಯ ಶಾಖ ವಿದ್ಯುದಾಗಾರ ಎಣ್ಣೆಯನ್ನು ಸುಡುತ್ತದೆ. ಎಣ್ಣೆ ಪೀಪಾಯಿಗೆ 100 ಡಾಲರ್ ದಾಟಿದೆ, ಇನ್ನೂ ಏರುತ್ತದೆ. ವಿದ್ಯುತ್ತಿನ ಬೇಡಿಕೆಯೂ ಏರುತ್ತದೆ. ಆದುದರಿಂದ ಅಣೆಕಟ್ಟೇ ಅಗ್ಗ. ವಿದ್ಯುತ್ ದರಗಳನ್ನು ಪರಿಶೀಲಿಸುವ ಸ್ವತಂತ್ರ ಮಂಡಲಿ 2012ರಲ್ಲಿಯೇ, ತನಗೆ ಒದಗಿಸಿದ ಮಾಹಿತಿ ತೀರ್ಮಾನಕ್ಕೆ ಸಾಲದೆಂದು ಹೇಳಿತ್ತು. ಸರಕಾರ ಕಾಯಲಿಲ್ಲ. ಯೋಜನೆಯ ವೆಚ್ಚವನ್ನು ಮಂಡಲಿಯ ಪರಿಶೀಲನೆಯಿಂದ ಹೊರಗಿರಿಸುವಂತೆ ಶಾಸನವನ್ನೂ ಮಾಡಲಾಯಿತು.

ತಪ್ಪಿದ ಲೆಕ್ಕ

2014ರ ಕೊನೆಯಲ್ಲಿ ಎಣ್ಣೆಯ ಬೆಲೆ ಅರ್ಧಕ್ಕೆ ಇಳಿಯಿತು. ಸಮುದ್ರದ ಎಣ್ಣೆಯ ರಾಜಧನವನ್ನು ನೆಚ್ಚಿದ್ದ ಪ್ರಾಂತಕ್ಕೆ ಇದು ಇಮ್ಮಡಿ ಪೆಟ್ಟು: ಒಂದು ಕಡೆ ಬೊಕ್ಕಸ ಬರಿದಾಯಿತು, ಇನ್ನೊಂದು ಕಡೆ ಅಣೆಕಟ್ಟೇ ಅಗ್ಗವೆಂಬ ವಾದದ ಬುಡವೇ ಅಲುಗಿತು. ಬೇಡಿಕೆಯೂ ನಿರೀಕ್ಷಿಸಿದಂತೆ ಬೆಳೆಯಲಿಲ್ಲ. ಹೇರಳವಾಗಿ ವಿದ್ಯುತ್ ಬಳಸುವ ಕಾಗದದ ಗಿರಣಿಗಳು 2005ರಲ್ಲಿ ಒಂದು, 2009ರಲ್ಲಿ ಇನ್ನೊಂದು ಮೊದಲೇ ಮುಚ್ಚಿಹೋಗಿದ್ದವು.

ವೆಚ್ಚ ಮಾತ್ರ ಏರುತ್ತಲೇ ಹೋಯಿತು. 2016ರಲ್ಲಿ ಯೋಜನೆಯ ಸಂಸ್ಥೆಯಾದ ನ್ಯಾಲ್ಕಾರಿನ ಅಧಿಕಾರ ವಹಿಸಿಕೊಂಡ ಸ್ಟ್ಯಾನ್ ಮಾರ್ಷಲ್, ಇದು ದುಂದಿನ ಕೆಲಸವೆಂದು ಬಹಿರಂಗವಾಗಿಯೇ ಒಪ್ಪಿಕೊಂಡರು. ಆದರೆ ಅರ್ಧ ಕಟ್ಟಿದ್ದನ್ನು ನಿಲ್ಲಿಸುವುದು ಮುಗಿಸುವುದಕ್ಕಿಂತ ನಷ್ಟವೆಂಬ ಹಂತ ಆಗಲೇ ಬಂದುಬಿಟ್ಟಿತ್ತು. 2017ರಲ್ಲಿ ಒಟ್ಟು ಅಂದಾಜು 1,270 ಕೋಟಿ ಡಾಲರಿಗೆ ಮುಟ್ಟಿತು. ಕೊನೆಗೆ 1,300 ಕೋಟಿಯನ್ನೂ ಮೀರಿತು. ಎಳೆಯ ಮಗುವಿನಿಂದ ಮುದುಕರವರೆಗೆ ಹಂಚಿದರೆ ತಲೆಗೆ ಸುಮಾರು 25,000 ಡಾಲರ್. ಮಸ್ಕ್‌ರ್ಯಾಟ್ ಎಂದರೆ ನೀರಿನಲ್ಲಿ ಬಾಳುವ ಇಲಿಜಾತಿಯ ಪ್ರಾಣಿ. ಬೆಟ್ಟ ಅಗೆದು ಇಲಿ ಹಿಡಿದರೆಂಬ ಗಾದೆ ಕನ್ನಡಿಗರಿಗೆ ನೆನಪಾದರೆ ಆಶ್ಚರ್ಯವಿಲ್ಲ.

ಹಣದಲ್ಲಿ ಅಳೆಯಲಾಗದ ಬೆಲೆಯೂ ಇತ್ತು. ನೀರು ನಿಂತ ನೆಲದಿಂದ ಪಾದರಸದ ವಿಷ ಮೀನುಗಳಿಗೆ ಸೇರೀತೆಂದು ಕೆಳಗಿನ ಸರೋವರದ ದಡದ ಮೂಲನಿವಾಸಿಗಳು ಹೆದರಿದರು. 2016ರಲ್ಲಿ ಕೆಲವರು ಉಪವಾಸವನ್ನೂ ಹೂಡಿದರು.

ಮೀಟರೋ, ಬೊಕ್ಕಸವೋ?

ಅಣೆಕಟ್ಟಿನ ಲೆಕ್ಕ ಎಣ್ಣೆಯ ಯಂತ್ರದ ಲೆಕ್ಕದಂತಲ್ಲ. ಎಣ್ಣೆಯ ಯಂತ್ರವನ್ನು ನಿಲ್ಲಿಸಿದರೆ ಎಣ್ಣೆಯ ಖರ್ಚೂ ನಿಲ್ಲುತ್ತದೆ. ನದಿಯ ನೀರಿಗೆ ಬೆಲೆಯಿಲ್ಲ; ಆದರೆ ಕಟ್ಟಲು ತಂದ ಸಾಲದ ಬಡ್ಡಿ ಹಗಲಿರುಳೂ ಓಡುತ್ತದೆ. ವಿದ್ಯುತ್ತನ್ನು ಬಳಸಿದರೂ ಬಡ್ಡಿ, ಬಳಸದಿದ್ದರೂ ಬಡ್ಡಿ. ಪ್ರಾಂತದ ವಿದ್ಯುತ್ ಸಂಸ್ಥೆ 50 ವರ್ಷಗಳ ಕಾಲ ಈ ಹಣವನ್ನು ತೆರಲೇಬೇಕೆಂದೂ, ಅದನ್ನು ದ್ವೀಪದ ಬಳಕೆದಾರರಿಂದಲೇ ವಸೂಲು ಮಾಡಬೇಕೆಂದೂ ಏರ್ಪಾಡಾಗಿತ್ತು.

ದರ ಏರಿಸಿದರೆ ಏನಾಗುತ್ತದೆ? ಜನ ಕೈ ಹಿಡಿಯುತ್ತಾರೆ. ಒಬ್ಬರು ಸೌದೆಯ ಒಲೆಗೆ ಮರಳುತ್ತಾರೆ; ಇನ್ನೊಬ್ಬರು ಕಡಮೆ ವಿದ್ಯುತ್ತಿನಲ್ಲಿ ಹೆಚ್ಚು ಶಾಖ ಕೊಡುವ ಯಂತ್ರವನ್ನು ಕೊಳ್ಳುತ್ತಾರೆ. ಮಾರಾಟವಾಗುವ ಯೂನಿಟ್ಟುಗಳು ಇಳಿಯುತ್ತವೆ. ಅದೇ ಸಾಲವನ್ನು ಕಡಮೆ ಯೂನಿಟ್ಟುಗಳ ಮೇಲೆ ಹೇರಬೇಕಾಗುತ್ತದೆ. ದರ ಮತ್ತೆ ಏರಬೇಕಾಗುತ್ತದೆ. ಇದರಿಂದ ಹೆಚ್ಚು ಬಳಲುವವರು ಹೊಸ ಯಂತ್ರವನ್ನು ಕೊಳ್ಳಲು ಶಕ್ತಿಯಿಲ್ಲದ ಬಡವರು, ಪಿಂಚಣಿಯಲ್ಲಿ ಬದುಕುವ ವೃದ್ಧರು.

ದರ ಏರಿಸದೆ ಸರಕಾರವೇ ಭರಿಸಿದರೆ? ಸರಕಾರದ ಹಣವೆಂದರೂ ಅದೇ ಜನರ ತೆರಿಗೆ. ಬೊಕ್ಕಸದಿಂದ ವಿದ್ಯುತ್ತಿಗೆ ಹೋದ ಡಾಲರು ಆಸ್ಪತ್ರೆಗೆ ಹೋಗಲಾರದು, ಶಾಲೆಗೆ ಹೋಗಲಾರದು. ಮನೆಯ ಯಜಮಾನ ಬಲಜೇಬಿನಿಂದ ಕೊಟ್ಟರೂ ಎಡಜೇಬಿನಿಂದ ಕೊಟ್ಟರೂ ಹಣ ಅವನದೇ.

ಆಪತ್ತು, ಆಸರೆ

ನ್ಯಾಯಮೂರ್ತಿ ರಿಚರ್ಡ್ ಲಬ್ಲಾಂಕ್ ಅವರ ವಿಚಾರಣಾ ಆಯೋಗದ ವರದಿ 2020ರ ಮಾರ್ಚಿಯಲ್ಲಿ ಬಹಿರಂಗವಾಯಿತು. ದಾರಿ ತಪ್ಪಿದ ಯೋಜನೆ ಎಂಬುದೇ ಅದರ ತಲೆಬರಹದ ಅರ್ಥ. ಸಂಸ್ಥೆಯ ಹಿರಿಯ ಅಧಿಕಾರಿಗಳು ಅಪಾಯದ ಅಂದಾಜುಗಳನ್ನು ಮರೆಮಾಚಿದರೆಂದೂ, ಏನೇ ಆಗಲಿ ಕಟ್ಟಿಯೇ ತೀರುವೆವೆಂದು ಮೊದಲೇ ನಿಶ್ಚಯಿಸಿಕೊಂಡಿದ್ದ ಸರಕಾರ ಸರಿಯಾಗಿ ಪ್ರಶ್ನಿಸಲಿಲ್ಲವೆಂದೂ ಆಯೋಗ ಕಂಡುಕೊಂಡಿತು. ಅದೇ ತಿಂಗಳ 20ರಂದು ಮುಖ್ಯಮಂತ್ರಿ ಡ್ವೈಟ್ ಬಾಲ್, ಸಾಂಕ್ರಾಮಿಕ ರೋಗದ ಗೊಂದಲದ ನಡುವೆ, ಪ್ರಾಂತಕ್ಕೆ ಇನ್ನು ಸಾಲವೇ ಹುಟ್ಟುತ್ತಿಲ್ಲವೆಂದು ಪ್ರಧಾನಮಂತ್ರಿಗಳಿಗೆ ಪತ್ರ ಬರೆದರು. 1934ರ ನೆರಳು ಮತ್ತೆ ಬಾಗಿಲಿಗೆ ಬಂದಿತ್ತು. ದೇಶದ ಕೇಂದ್ರ ಬ್ಯಾಂಕು ಪ್ರಾಂತಗಳ ಸಾಲಪತ್ರಗಳನ್ನು ಕೊಳ್ಳತೊಡಗಿದ ಮೇಲೆ ಗಂಡಾಂತರ ಸರಿಯಿತು.

2021ರ ಜುಲೈಯಲ್ಲಿ ಕೇಂದ್ರ ಸರಕಾರ 520 ಕೋಟಿ ಡಾಲರಿನ ಆಸರೆಯನ್ನು ಸಾರಿತು. ಹೊಸ ಜಾಮೀನು, ತಂತಿಮಾರ್ಗದಲ್ಲಿ ಬಂಡವಾಳ, ಹೈಬರ್ನಿಯಾ ತೈಲಕ್ಷೇತ್ರದಿಂದ ಕೇಂದ್ರಕ್ಕೆ ಸಲ್ಲುವ ಲಾಭಾಂಶದ ವರ್ಗಾವಣೆ—ಇವು ಅದರ ಅಂಗಗಳು. ಪ್ರಾಂತವೂ ಅಣೆಕಟ್ಟಿನಿಂದ ತನಗೆ ಬರಬೇಕಾದ ಲಾಭವನ್ನು ದರ ತಗ್ಗಿಸಲು ಬಿಟ್ಟುಕೊಟ್ಟಿತು. ತಂತಿಮಾರ್ಗ ಪೂರ್ಣವಾಗಿ ಸಿದ್ಧವೆನಿಸಿದ್ದು 2023ರ ಏಪ್ರಿಲಿನಲ್ಲಿ. 2024ರಲ್ಲಿ ಸರಕಾರ, ಇದರ ಹೊರೆಯಿಂದ ಮನೆಗಳ ದರ ಏರುವುದನ್ನು 2030ರವರೆಗೆ ವರ್ಷಕ್ಕೆ ಶೇಕಡಾ 2.25ಕ್ಕೆ ಕಟ್ಟಿಹಾಕುವ ಏರ್ಪಾಡನ್ನು ಪ್ರಕಟಿಸಿತು. ದರ ಇಮ್ಮಡಿಸಲಿಲ್ಲ. ಗೃಹಿಣಿ ನಿಟ್ಟುಸಿರು ಬಿಟ್ಟಳು. ಆದರೆ ಸಾಲ ಕರಗಿಹೋಗಲಿಲ್ಲ. ಮೀಟರಿನ ಮುಖದಿಂದ ಅದರ ಹೊರೆಯ ಬಹುಭಾಗ ಬೊಕ್ಕಸದ ಪುಸ್ತಕಕ್ಕೆ ಸರಿಯಿತು, ಅಷ್ಟೆ.

ನೀರಿನಿಂದ ಬೆಳಕನ್ನು ತೆಗೆಯುವುದು ತಪ್ಪಲ್ಲ. ಆ ಅಣೆಕಟ್ಟು ಎಣ್ಣೆಯ ಹೊಗೆಯಿಲ್ಲದೆ ಹಲವು ತಲೆಮಾರುಗಳವರೆಗೆ ವಿದ್ಯುತ್ ಕೊಟ್ಟೀತು. ಮೊಮ್ಮಕ್ಕಳು ಅದನ್ನು ಹರಸಲೂಬಹುದು. ತಪ್ಪಿದ್ದು, ಹಳೆಯ ಅವಮಾನವನ್ನು ತೊಳೆಯುವ ಆತುರದಲ್ಲಿ ಪ್ರಶ್ನೆ ಕೇಳುವವರನ್ನು ದೂರವಿರಿಸಿದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬುದು ಸಂಸಾರಕ್ಕೆ ಹೇಳಿದ ಬುದ್ಧಿ. ಐದು ಲಕ್ಷ ಜನರ ಸಂಸಾರವೂ ಸಂಸಾರವೇ. ಅದರ ಹಾಸಿಗೆಯನ್ನು ಅಳೆಯಬಂದವರನ್ನು ಬಾಗಿಲಲ್ಲಿ ನಿಲ್ಲಿಸಿದರೆ, ಚಳಿಗೆ ಕಾಲು ಹೊರಗುಳಿಯುವುದು ಮನೆಯವರದೇ.